ಮೆಟ್ಟಿಲ ಮೇಲೆ ಕೂತ ಹುಡುಗಿ



2024ರ ಮೇ 9ನೇ ತಾರೀಕು, ಗುರುವಾರ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಅವತ್ತು ಬೆಳಗ್ಗೆಯಿಂದ ನಾವು ಏನೇನು ತೋರಿಸಿದ್ವಿ ಅಂತ ನಿಮಗೆ ಗೊತ್ತು. 625ಕ್ಕೆ 625 ಬಂದ ಮನೆಗೆ ಕ್ಯಾಮೆರಾ ಹೋಯ್ತು. ಅಮ್ಮ ಮಗಳ ಬಾಯಿಗೆ ಸಿಹಿ ಇಡೋದು ಸರಿಯಾಗಿ ಕಾಣಲಿಲ್ಲ ಅಂತ ಇನ್ನೊಂದು ಸಲ ಇಡಿಸಿದ್ವಿ. ಉಡುಪಿ ಮೊದಲು, ಯಾದಗಿರಿ ಕೊನೆ ಅಂತ ಪರದೆ ಕೆಳಗೆ ಓಡಿಸಿದ್ವಿ. ಹಿಂದಿನ ವರ್ಷ ಶೇಕಡಾ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿದಿದೆ, ಯಾಕೆ ಇಳೀತು ಅಂತ ಸ್ಟುಡಿಯೋದಲ್ಲಿ ಜಗಳ ಆಡಿದ್ವಿ. ಪರೀಕ್ಷೆ ಬರೆದವರು 8 ಲಕ್ಷ 59 ಸಾವಿರಕ್ಕೂ ಹೆಚ್ಚು. ಪಾಸಾದವರು 6 ಲಕ್ಷ 31 ಸಾವಿರ. ಉಳಿದವರು ಎರಡೂಕಾಲು ಲಕ್ಷಕ್ಕಿಂತ ಜಾಸ್ತಿ ಮಕ್ಕಳು. ಅವರ ಮನೆಗೆ ಯಾವ ಕ್ಯಾಮೆರಾನೂ ಹೋಗಲಿಲ್ಲ. ಹೋಗದೆ ಇದ್ದದ್ದೇ ಒಳ್ಳೆಯದಾಯ್ತು ಬಿಡಿ.

ಸಂಜೆ ಫೋನ್-ಇನ್ ಕಾರ್ಯಕ್ರಮ ಇತ್ತು. ಪೋಷಕರು ಫೋನ್ ಮಾಡೋದು, ಪಕ್ಕದಲ್ಲಿ ಒಬ್ಬ ಮೇಷ್ಟ್ರು, ಒಬ್ಬ ಡಾಕ್ಟರ್, ನಡುವೆ ನಾನು. ಯಾದಗಿರಿ ಕಡೆಯ ಹಳ್ಳಿಯಿಂದ ಒಬ್ಬರು ಲೈನಿಗೆ ಬಂದರು. ಮಗಳು ಗಣಿತದಲ್ಲಿ ಫೇಲು. ಬೆಳಗ್ಗೆಯಿಂದ ಊಟ ಮಾಡಿಲ್ಲ, ಮಾತಾಡ್ತಿಲ್ಲ. ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿರೋನು, ನಾಲಿಗೆ ತುದಿಯಲ್ಲೇ ಮಾತು ಸಿದ್ಧ ಇರುತ್ತೆ. ಹೇಳಿಬಿಟ್ಟೆ: "ಯಜಮಾನ್ರೇ, ಸೋಲೇ ಗೆಲುವಿನ ಮೆಟ್ಟಿಲು ಅಂತ ಮಗಳಿಗೆ ಹೇಳಿ."

ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅವರು ಅಂದರು: "ಸರ, ಆ ಮೆಟ್ಟಲ ಮ್ಯಾಲೇ ಕುಂತಾಳ್ರೀ ನನ್ನ ಮಗಳು. ಮನಿ ಮುಂದಿನ ಮೆಟ್ಟಲ ಮ್ಯಾಲ. ಮುಂಜಾನಿಂದ ಕುಂತಾಳ. ಈಗ ನಾ ಏನ್ ಮಾಡ್ಬೇಕು, ಅದನ್ನ ಹೇಳ್ರಿ."

ಅವರು ಕುಹಕ ಮಾಡಲಿಲ್ಲ. ಬೇಕಾದರೆ ರೆಕಾರ್ಡಿಂಗ್ ಇದೆ, ನಾನು ಮೂರು ಸಲ ಕೇಳಿದ್ದೀನಿ. ನಿಜವಾಗಲೂ ಕೇಳ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದಲ್ಲಿದ್ದ ಮೇಷ್ಟ್ರು ನನ್ನ ಮಾನ ಉಳಿಸಿದರು. ಈ ವರ್ಷದಿಂದ ಮೂರು ಪರೀಕ್ಷೆ ಇವೆ, ಜೂನ್‌ನಲ್ಲಿ ಎರಡನೆಯದು, ಗಣಿತ ಒಂದನ್ನೇ ಬರೆದರೆ ಸಾಕು, ಅದೂ ಹೋದರೆ ಮೂರನೆಯದಿದೆ, ವರ್ಷ ಹಾಳಾಗಲ್ಲ ಅಂತ ಬಿಡಿಸಿ ಹೇಳಿದರು. ಡಾಕ್ಟರ್ ಇನ್ನೊಂದು ಮಾತು ಸೇರಿಸಿದರು. ಅವಳನ್ನ ಒಂಟಿಯಾಗಿ ಬಿಡಬೇಡಿ, ಪಕ್ಕದಲ್ಲಿ ಯಾರಾದರೂ ಕೂತಿರಿ, ರಾತ್ರಿನೂ. ಭಯ ಅನ್ನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ. ಕಾಸು ಬೇಡ, ಕನ್ನಡದಲ್ಲೇ ಮಾತಾಡ್ತಾರೆ. ಫೋನ್ ಕಟ್ ಆಯ್ತು, ಬ್ರೇಕ್ ಬಂತು, ಜಾಹೀರಾತು ಬಂತು.

ಅವತ್ತಿನಿಂದ ನನಗೆ ಒಂದೇ ಯೋಚನೆ. ನಾವು ದಿನಾ ಹೇಳೋ ಈ ಒಳ್ಳೊಳ್ಳೆ ಮಾತುಗಳಿವೆಯಲ್ಲ, ಗಾದೆ, ನುಡಿಮುತ್ತು, ಸುಭಾಷಿತ, ಬೆಳಗ್ಗೆ ಎದ್ದರೆ ಗುಲಾಬಿ ಹೂವಿನ ಮೇಲೆ ಬರೆದು ವಾಟ್ಸಾಪಿಗೆ ಬಂದು ಬೀಳೋ ಸಾಲುಗಳು, ಇವು ಯಾರಿಗಾದರೂ ಕೈ ಹಿಡಿಯುತ್ತವಾ? ಹಿಡಿಯುತ್ತೆ ಅಂದರೆ ಯಾವಾಗ ಹಿಡಿಯುತ್ತೆ?

ತಮಾಷೆ ನೋಡಿ. ಆ ಹುಡುಗಿ ಬರೆದ ಪರೀಕ್ಷೆಯಲ್ಲೇ, ಕನ್ನಡ ಪತ್ರಿಕೆಯಲ್ಲಿ, ಗಾದೆ ಮಾತನ್ನು ವಿಸ್ತರಿಸಿ ಅಂತ ಪ್ರಶ್ನೆ ಇರುತ್ತೆ. ನಾವೂ ಬರೆದಿದ್ದೀವಿ, ನೀವೂ ಬರೆದಿದ್ದೀರಿ. ಮೊದಲ ಸಾಲು ಎಲ್ಲರದೂ ಒಂದೇ. ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಇವು ಹಿರಿಯರ ಅನುಭವದ ನುಡಿಮುತ್ತುಗಳು. ಗಾದೆ ಯಾವುದೇ ಇರಲಿ, ಈ ಮೂರು ಸಾಲು ಬರೆದು ಅರ್ಧ ಪ್ಯಾರಾ ತುಂಬಿಸ್ತಿದ್ವಿ. ಮಾರ್ಕ್ಸೂ ಬರ್ತಿತ್ತು. ಈಗ ನನ್ನ ಕೈಯಲ್ಲಿ ಆ ಪತ್ರಿಕೆ ಕೊಟ್ಟರೆ ಆ ಎರಡನೇ ಸಾಲು ಬರೆಯಲ್ಲ. ಯಾಕೆ ಅಂದರೆ ಗಾದೆಗಳು ಒಂದಕ್ಕೊಂದು ಜಗಳ ಆಡುತ್ತವೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತೆ ಒಂದು. ಗಾಳಿ ಬಂದಾಗ ತೂರಿಕೋ ಅನ್ನುತ್ತೆ ಇನ್ನೊಂದು. ಮಾತು ಬೆಳ್ಳಿ ಮೌನ ಬಂಗಾರ ಅಂತ ಒಬ್ಬ ಅಜ್ಜ ಹೇಳಿದರೆ, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಪಕ್ಕದ ಬೀದಿಯ ಅಜ್ಜ ಹೇಳ್ತಾನೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಕಣದಲ್ಲಿ ರಾಶಿ ಹಾಕಿಕೊಂಡು ನಿಂತವನಿಗೆ ಒಂದು ಮಾತು, ಸಾಲಕ್ಕೆ ರುಜು ಹಾಕಲು ಹೊರಟವನಿಗೆ ಇನ್ನೊಂದು ಮಾತು. ಯಾವ ಹೊತ್ತಿಗೆ ಯಾವುದು ಅಂತ ಗೊತ್ತಿದ್ದವರನ್ನೇ ಹಳ್ಳಿಯಲ್ಲಿ ತಿಳಿದವರು ಅಂತಿದ್ದರು. ಸಾವಿರ ಗಾದೆ ಬಾಯಿಪಾಠ ಇದ್ದವರನ್ನಲ್ಲ.

ಇನ್ನೊಂದು ವಿಷಯ ನನಗೆ ಈ ವಾರ ಹೊಳೆದದ್ದು. ಸೋಲೇ ಗೆಲುವಿನ ಮೆಟ್ಟಿಲು ಅನ್ನೋದು ನಮ್ಮ ಅಜ್ಜಿಯರ ಬಾಯಲ್ಲಿ ನಾನು ಕೇಳಿಲ್ಲ. ಅದು ಶಾಲೆಯ ಗೋಡೆ ಮೇಲಿನ ಮಾತು, ಟ್ಯೂಷನ್ ಸೆಂಟರ್ ಬ್ಯಾನರಿನ ಮಾತು. ಮುಂದೆ ಗೆಲ್ತೀಯ ಅಂತ ಭರವಸೆ ಕೊಡೋ ಮಾತು. ನಮ್ಮ ಮನೆಯ ಗಾದೆಗಳು ಹಾಗೆ ಭರವಸೆ ಕೊಡೋದು ಕಡಿಮೆ. ಎಲ್ಲರ ಮನೆ ದೋಸೆಯೂ ತೂತೇ ಅನ್ನುತ್ತವೆ. ಅಷ್ಟೇ. ನೀನು ಗೆಲ್ತೀಯ ಅಂತಿಲ್ಲ, ನಿನ್ನ ದೋಸೆ ತೂತಿಲ್ಲ ಅಂತಲೂ ಇಲ್ಲ. ನಮ್ಮನೇದೂ ತೂತೇ ಕಣಮ್ಮ, ಬಾ, ತಿನ್ನೋಣ ಅಂತ. ಫೇಲಾದ ಮಗುವಿಗೆ ಆ ಸಂಜೆ ಬೇಕಾಗಿದ್ದದ್ದು ಇದು ಅಂತ ನನಗೆ ಈಗ ಅನ್ನಿಸುತ್ತೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು. ಈ ಗಾದೆಯನ್ನು ನಾವು ರಾಜಕಾರಣಿಗಳಿಗೆ ಬಳಸಿ ಬಳಸಿ ಹಾಳು ಮಾಡಿದ್ದೀವಿ. ಕುರ್ಚಿ ಉಳಿಸಿಕೊಂಡ ಸಚಿವರ ಫೋಟೊ ಪಕ್ಕದಲ್ಲಿ ಹಾಕ್ತೀವಿ. ಒಂದು ಸಲ ಅದನ್ನು ಗಂಭೀರವಾಗಿ ಓದಿ ನೋಡಿ. ದೊಣ್ಣೆ ಹಿಡಿದವನನ್ನು ಸೋಲಿಸು ಅಂತ ಹೇಳಿಲ್ಲ. ವಾಪಸ್ ಹೊಡಿ ಅಂತ ಹೇಳಿಲ್ಲ. ಈಗ ಬೀಸಿ ಬರ್ತಿದೆಯಲ್ಲ, ಈ ಒಂದು ಏಟಿಗೆ ತಲೆ ತಗ್ಗಿಸು, ಅಷ್ಟು ಸಾಕು. ಮಿಕ್ಕಿದ್ದಕ್ಕೆ ಸಾವಿರ ವರ್ಷ ಇದೆ. ಕಾರ್ಯಕ್ರಮ ಮುಗಿದ ಮೇಲೆ ಆ ಡಾಕ್ಟರನ್ನು ಕೇಳಿದೆ, ಫಲಿತಾಂಶದ ದಿನ ಮಕ್ಕಳ ವಿಚಾರದಲ್ಲಿ ನಿಮಗೆ ಯಾವುದು ಹೆಚ್ಚು ಭಯ ಅಂತ. ಅವರು ಹೇಳಿದರು, ಆ ಕೆಲವು ಗಂಟೆಗಳು. ಆ ಹೊತ್ತು ದಾಟಿಸಿಬಿಟ್ಟರೆ, ಜೊತೆಗೆ ಯಾರಾದರೂ ಇದ್ದರೆ, ಎಷ್ಟೋ ಮಕ್ಕಳು ಬೆಳಗ್ಗೆ ಬೇರೆಯವರೇ ಆಗಿ ಏಳ್ತಾರೆ ಅಂತ. ನಾನು ಅವರಿಗೆ ಈ ದೊಣ್ಣೆ ಗಾದೆ ಹೇಳಿದೆ. ನಕ್ಕರು. "ನಮ್ಮ ಪುಸ್ತಕದಲ್ಲಿ ಇದಕ್ಕೆ ಹತ್ತು ಪುಟ ಇದೆ ಸಾರ್" ಅಂದರು.

ಫೇಲು ಅಂದ ಕೂಡಲೇ ಡಿವಿಜಿಯವರ ಹೆಸರು ಬರಲೇಬೇಕು. ಈಗ ಕನ್ನಡದಲ್ಲಿ ಅತಿ ಹೆಚ್ಚು ಫಾರ್ವರ್ಡ್ ಆಗೋ ಸಾಲುಗಳು ಯಾವುವು ಅಂತ ನನ್ನನ್ನು ಕೇಳಿದರೆ, ಲೆಕ್ಕ ಹಾಕಿಲ್ಲ, ಆದರೆ ನನ್ನ ಫೋನ್ ನೋಡಿದರೆ ಮಂಕುತಿಮ್ಮನ ಕಗ್ಗ. 1943ರಲ್ಲಿ ಬಂದ ಪುಸ್ತಕ, 945 ಪದ್ಯ. ಬರೆದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ ಪಾಸಾಗಲಿಲ್ಲ. ಹೌದು, ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಅಂದುಕೊಳ್ಳಿ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯವೇ ಅವರನ್ನು ಕರೆದು ಗೌರವ ಡಿ.ಲಿಟ್. ಕೊಟ್ಟಿತು. ನಾವು ಟೀವಿಯವರು ಇಷ್ಟು ಹೇಳಿ, ನೋಡಿ ಮಕ್ಕಳೇ, ಫೇಲಾದವರೂ ಡಾಕ್ಟರ್ ಆಗಬಹುದು ಅಂತ ಮುಗಿಸಿಬಿಡ್ತೀವಿ. ಆದರೆ ನನಗೆ ಇಷ್ಟ ಆಗೋದು ಬೇರೆ. ಆ ಪುಸ್ತಕದ ಹೆಸರು ನೋಡಿ. ಮಂಕುತಿಮ್ಮ ಅಂದರೆ ದಡ್ಡ ತಿಮ್ಮ. ಕಗ್ಗ ಅಂದರೆ ಹುರುಳಿಲ್ಲದ, ಉದ್ದುದ್ದ ಮಾತು. ಅಷ್ಟು ಓದಿಕೊಂಡ ಮನುಷ್ಯ, ಪದ್ಯ ಪದ್ಯದ ಕೊನೆಗೂ ಒಬ್ಬ ದಡ್ಡನ ಹೆಸರಿಟ್ಟು ರುಜು ಹಾಕಿದರು. ಮೇಲೆ ನಿಂತು ಕೆಳಗಿದ್ದವನಿಗೆ ಬುದ್ಧಿ ಹೇಳಲಿಲ್ಲ. ತನಗೇ ಹೇಳಿಕೊಂಡರು, ಪಕ್ಕದಲ್ಲಿ ಕೂತವರಿಗೂ ಕೇಳಿಸಿತು. ಹೆಂಡತಿಯನ್ನು ಬೇಗ ಕಳೆದುಕೊಂಡು ಒಂಟಿಯಾಗಿ ಬಾಳಿದವರು. ಬೆಂಗಳೂರಿನಲ್ಲಿ ಸನ್ಮಾನ ಮಾಡಿ ಹಣ ಕೊಟ್ಟಾಗ ಅದನ್ನು ಹಾಗೇ ಗೋಖಲೆ ಸಾರ್ವಜನಿಕ ಸಂಸ್ಥೆಗೆ ಕೊಟ್ಟವರು. ಅವರ ಸಾಲಿಗೆ ತೂಕ ಬಂದಿರೋದು ಪ್ರಾಸದಿಂದ ಮಾತ್ರ ಅಲ್ಲ ಅಂತ ನನ್ನ ನಂಬಿಕೆ.

ಈಗ ವಾಟ್ಸಾಪಿನಲ್ಲಿ ಏನಾಗಿದೆ ಅಂದರೆ, ಯಾರ ಮಾತಿಗೆ ಯಾರ ಫೋಟೊ ಅಂತಲೇ ಇಲ್ಲ. ಅಬ್ದುಲ್ ಕಲಾಂ ಅವರ ಫೋಟೊ ಕೆಳಗೆ ಅವರು ಯಾವತ್ತೂ ಹೇಳದ ಮಾತು. ಬುದ್ಧನ ಫೋಟೊ ಕೆಳಗೆ ಶೇರು ಮಾರುಕಟ್ಟೆಯ ಬುದ್ಧಿವಾದ. ಮಾತು ಚೆನ್ನಾಗಿದ್ದರೆ ಯಾರು ಹೇಳಿದರೇನು ಸಾರ್ ಅಂತ ನನ್ನ ಸಹೋದ್ಯೋಗಿಯೊಬ್ಬ ವಾದ ಮಾಡ್ತಾನೆ. ಇರಬಹುದು. ಆದರೆ ಹೇಳಿದವರು ಯಾರು ಅಂತ ಗೊತ್ತಿಲ್ಲದ ಧೈರ್ಯದ ಮಾತು ನನಗೆ ಜಾಮೀನು ಇಲ್ಲದ ಸಾಲದ ಥರ ಕಾಣುತ್ತೆ. ಗಾದೆಗೂ ಕರ್ತೃ ಇಲ್ಲವಲ್ಲ ಅಂತ ನೀವು ಕೇಳಬಹುದು. ಗಾದೆಯ ಕರ್ತೃ ಗೊತ್ತಿಲ್ಲ, ನಿಜ, ಆದರೆ ಅದನ್ನು ನಿಮಗೆ ಹೇಳಿದವರು ಗೊತ್ತು. ನಿಮ್ಮ ಅಜ್ಜಿ, ನಿಮ್ಮ ಮೇಷ್ಟ್ರು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಯಾರೋ ಅಜ್ಜ. ಜಾಮೀನು ಅವರದು.

ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಮಗೆ, ಅಂದರೆ ಚಾನೆಲ್‌ಗಳಿಗೆ, ಇಂಥ ಮಾತುಗಳ ಮೇಲೆ ಪ್ರೀತಿ ಇಲ್ಲ. ಮಾತಿನ ಮೇಲೆ ನಡೆಯೋ ಜಗಳದ ಮೇಲೆ ಪ್ರೀತಿ. 2024ರ ಫೆಬ್ರವರಿಯಲ್ಲಿ ವಸತಿ ಶಾಲೆಗಳ ಬಾಗಿಲ ಮೇಲಿನ ಸಾಲು ಬದಲಾಯ್ತು. ಕೈ ಮುಗಿದು ಒಳಗೆ ಬರಲು ಹೇಳ್ತಿದ್ದ ಬರಹ ಹೋಗಿ, ಧೈರ್ಯವಾಗಿ ಪ್ರಶ್ನಿಸಲು ಹೇಳೋ ಬರಹ ಬಂತು. ಚರ್ಚೆಯೋ ಚರ್ಚೆ. ಆ ಬಾಗಿಲಲ್ಲಿ ದಿನಾ ಓಡಾಡೋ ಒಬ್ಬ ಹುಡುಗನನ್ನು ಕೂರಿಸಿ, ನೀನು ಯಾವತ್ತಾದರೂ ಪ್ರಶ್ನೆ ಕೇಳಿದ್ದೀಯಾ, ಕೇಳಿದಾಗ ಏನಾಯ್ತು ಅಂತ ನಾವು ಕೇಳಲಿಲ್ಲ. ಅದಕ್ಕೂ ಹಿಂದೆ, ಬೆಂಗಳೂರಿನ ಹಲಸೂರು ಕೆರೆ ಹತ್ತಿರ ತಿರುವಳ್ಳುವರ್ ಪ್ರತಿಮೆ ನೆನಪಿದೆಯಾ? 18 ವರ್ಷ ಮುಸುಕು ಹಾಕಿ ನಿಲ್ಲಿಸಿದ್ವಿ. 2009ರ ಆಗಸ್ಟ್ 9ಕ್ಕೆ ಮುಸುಕು ತೆಗೆದರು, ನಾಲ್ಕು ದಿನ ಬಿಟ್ಟು ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣ ಆಯ್ತು. ಒಬ್ಬ ಎರಡು ಸಾಲಿನವನು, ಒಬ್ಬ ಮೂರು ಸಾಲಿನವನು. ಪೊಲೀಸ್ ಬಂದೋಬಸ್ತಿನ ನಡುವೆ ನಿಂತು ವರದಿ ಓದುವಾಗ ಅವರಿಬ್ಬರು ಬರೆದದ್ದರಲ್ಲಿ ಒಂದು ಸಾಲನ್ನೂ ನಾವು ಓದಲಿಲ್ಲ. ಇದೇ ಸರ್ವಜ್ಞನ ಪದ್ಯಗಳನ್ನು ಹುಡುಕಿ ಕೂಡಿಸಿ, 1924ರಲ್ಲಿ ಪುಸ್ತಕ ಮಾಡಿ ನಮ್ಮ ಕೈಗೆ ಕೊಟ್ಟವರು ಉತ್ತಂಗಿ ಚನ್ನಪ್ಪ, ಒಬ್ಬ ಕ್ರೈಸ್ತ ಪಾದ್ರಿ. 2024ಕ್ಕೆ ಅದಕ್ಕೆ ನೂರು ತುಂಬಿತು. ಇದರ ಬಗ್ಗೆ ನಾವು ಯಾರೂ ಒಂದು ಅರ್ಧ ಗಂಟೆ ಮಾಡಲಿಲ್ಲ.

ಸರಿ, ಇನ್ನು ಕಹಿ ಮಾತಿಗೆ ಬರ್ತೀನಿ. ಒಳ್ಳೆ ಮಾತನ್ನು ಮುಚ್ಚಳದ ಥರ ಬಳಸೋರಿದ್ದಾರೆ. ತಾಳಿದವನು ಬಾಳಿಯಾನು. ಇದನ್ನು ಯಾರು ಯಾರಿಗೆ ಹೇಳ್ತಾರೆ ಅಂತ ಗಮನಿಸಿ. ಅತ್ತೆಮನೆಯಲ್ಲಿ ಏಟು ತಿನ್ನೋ ಹುಡುಗಿಗೆ ತವರಿನವರು ಹೇಳ್ತಾರೆ. ಮೂರು ತಿಂಗಳ ಸಂಬಳ ಬಾಕಿ ಇರೋ ಕೂಲಿಯವನಿಗೆ ಗುತ್ತಿಗೆದಾರ ಹೇಳ್ತಾನೆ. ಬೆಳೆ ಪರಿಹಾರಕ್ಕೆ ಅಲೆಯೋ ರೈತನಿಗೆ ಕಚೇರಿಯಲ್ಲಿ ಫ್ಯಾನ್ ಕೆಳಗೆ ಕೂತವರು ಹೇಳ್ತಾರೆ. ಹಾಗೆ ಹೇಳಿದ ಮೇಲೆ ಎದುರಿಗಿದ್ದವನು ಬಾಯಿ ಮುಚ್ಚಬೇಕು, ಯಾಕೆ ಅಂದರೆ ಗಾದೆಗೆ ಎದುರಾಡೋ ಹಾಗಿಲ್ಲವಲ್ಲ, ವೇದಕ್ಕೆ ಸಮಾನ! ಎಷ್ಟು ಸಲ ನಾನೂ ಹೀಗೇ ಮಾಡಿದ್ದೀನೋ ಏನೋ. ಅವತ್ತು ಆ ತಂದೆಗೆ ಹೇಳಿದ್ದೂ ಅದೇ ಅಲ್ವಾ? ನಿಮ್ಮ ಕಷ್ಟ ಕೇಳಿಸಿತು, ಇಗೋ ಒಂದು ಮಾತು, ಮುಂದಿನ ಫೋನ್ ಯಾರದು?

ನಮ್ಮ ಮನೆಯಲ್ಲೇ ಒಂದು ನಡೆದಿದೆ. ನಾನು ಹತ್ತನೇ ಕ್ಲಾಸು ಮುಗಿಸಿದಾಗ ಪಟ್ಟಣದ ಕಾಲೇಜಿಗೆ ಸೇರಿಸಬೇಕು ಅಂತ ಅಪ್ಪನಿಗೆ ಆಸೆ. ಹಾಸ್ಟೆಲ್ ಫೀಸಿಗೆ ದುಡ್ಡಿಲ್ಲ. ಊರಿನ ದೊಡ್ಡವರೊಬ್ಬರ ಜಗಲಿಗೆ ಸಾಲ ಕೇಳೋಕೆ ಹೋದರು, ನಾನೂ ಜೊತೆಗಿದ್ದೆ. ಅವರು ಎಲೆ ಅಡಿಕೆ ಹಾಕಿಕೊಳ್ತಾ, "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪ" ಅಂದರು. ಅಪ್ಪ ತಲೆ ತಗ್ಗಿಸಿ ಎದ್ದು ಬಂದರು. ಮಾತು ತಪ್ಪಲ್ಲ ನೋಡಿ. ಸಾಲ ಮಾಡಿ ಮದುವೆ ಮಾಡೋರಿಗೆ ನಾನೇ ಈ ಮಾತು ನೂರು ಸಲ ಹೇಳಿದ್ದೀನಿ. ಆದರೆ ಅವತ್ತು ಅದು ಬಾಗಿಲು ಹಾಕಿದ ಸದ್ದಿನ ಹಾಗೆ ಕೇಳಿಸಿತು. ಮಾರನೇ ದಿನ ಅವರೇ ದಾರಿಯಲ್ಲಿ ಅಮ್ಮನಿಗೆ ಸಿಕ್ಕು, ಹುಡುಗನ್ನ ಏನು ಮಾಡ್ತೀರಿ ಅಂತ ಕೇಳಿದರಂತೆ. ಅಮ್ಮ, ಓದು ಬರಹ ಇಲ್ಲದ ಹೆಂಗಸು, ನಿಂತಲ್ಲೇ ಹೇಳಿದಳು: "ಹಾಸಿಗೆ ಸಾಲದಿದ್ರೆ ಪಕ್ಕಕ್ಕೆ ಒಂದು ಚಾಪೆ ಹಾಕ್ಕೊತೀವಿ ಬಿಡಿ ಗೌಡ್ರೇ." ಎರಡು ಕುರಿ ಮಾರಿದರು. ನಾನು ಕಾಲೇಜಿಗೆ ಹೋದೆ. ಈ ಚಾಪೆ ಮಾತು ಯಾವ ಗಾದೆ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಆದರೆ ನನ್ನ ಜೀವನದಲ್ಲಿ ಕಷ್ಟ ಬಂದಾಗೆಲ್ಲ ಕಿವಿಯಲ್ಲಿ ಕೇಳಿಸೋದು ಅದೊಂದೇ.

ಯಾದಗಿರಿ ಕಥೆ ಅರ್ಧಕ್ಕೆ ಬಿಟ್ಟೆ ಅಂತ ನೀವು ಬೈತಿರಬಹುದು. ಹೇಳ್ತೀನಿ.

ಶುಕ್ರವಾರ ಮಧ್ಯಾಹ್ನ ಆಫೀಸಿನ ನಂಬರಿಗೆ ಅವರೇ ಫೋನ್ ಮಾಡಿದ್ದರು. ನಮ್ಮ ಹುಡುಗರು ನನಗೆ ಕೊಟ್ಟರು. ನಾನು ಮೊದಲು ಕ್ಷಮೆ ಕೇಳಿದೆ. "ಅಯ್ಯ, ಬಿಡ್ರಿ ಸರ" ಅಂದರು. ಆಮೇಲೆ ನಡೆದದ್ದು ಹೇಳಿದರು. ಪರೀಕ್ಷೆ ಇನ್ನೆರಡು ಸಲ ಇದೆ ಅಂತ ಮಗಳಿಗೆ ಹೇಳಿದ್ದಾರೆ. ಕೇಳಿಸಿಕೊಂಡಳು, ಏಳಲಿಲ್ಲ. ಕತ್ತಲಾಯ್ತು. ಆಗ ಅವರ ತಾಯಿ, ಹುಡುಗಿಯ ಅಜ್ಜಿ, ಗಂಗಾಳದಲ್ಲಿ ರೊಟ್ಟಿ ಇಟ್ಟುಕೊಂಡು ಹೋಗಿ ಅದೇ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಿದ್ದಾರೆ. ಬಹಳ ಹೊತ್ತು ಏನೂ ಮಾತಾಡಲಿಲ್ಲವಂತೆ.

ಇಲ್ಲಿ ಒಂದು ಮಾತು ನೆನಪು ಮಾಡ್ತೀನಿ. 2023ರಲ್ಲಿ ಈ ರಾಜ್ಯದ 236 ತಾಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಣೆ ಮಾಡಿತ್ತು. ಇವರದು ನಾಲ್ಕು ಎಕರೆ ತೊಗರಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ಆದರೆ ಆರಿದ್ರಾ ಇಲ್ಲದಿದ್ದರೆ ದರಿದ್ರ, ಹೀಗೆ ಒಂದೊಂದು ನಕ್ಷತ್ರಕ್ಕೂ ಒಂದೊಂದು ಗಾದೆ ಕಟ್ಟಿಕೊಂಡು ಮುಗಿಲು ನೋಡೋ ಜನ. ಆ ವರ್ಷ ಆ ಗಾದೆಗಳೆಲ್ಲ ಬಾಯಲ್ಲೇ ಉಳಿದವು, ಮಳೆ ಬರಲಿಲ್ಲ.

ಅಜ್ಜಿ ಕೊನೆಗೆ ಅಂದರಂತೆ: "ಹೋದ ವರ್ಷ ಮಳಿ ಕೈ ಕೊಡ್ತು. ತೊಗರಿ ನಿಂತಲ್ಲೇ ಒಣಗ್ತು. ನಿಮ್ಮಪ್ಪ ಹೊಲ ಮಾರಿದನೇನ? ಒಂದ್ ಮಳಿ ತಪ್ಪಿದ್ರ ಹೊಲ ಮಾರಂಗಿಲ್ಲ ಯವ್ವಾ. ಉಣ್ಣು."

ಹುಡುಗಿ ಅತ್ತಿದ್ದಾಳೆ. ಬೆಳಗ್ಗೆಯಿಂದ ಅತ್ತಿರಲಿಲ್ಲವಂತೆ. ಅತ್ತು, ಅರ್ಧ ರೊಟ್ಟಿ ತಿಂದು, ಅಜ್ಜಿಯ ಪಕ್ಕದಲ್ಲೇ ಮಲಗಿದ್ದಾಳೆ.

ನಾನು ಫೋನಿನಲ್ಲಿ ಆ ಮಾತನ್ನು ಬರೆದುಕೊಂಡೆ. ಕಾರ್ಯಕ್ರಮದಲ್ಲಿ ಹೇಳಬಹುದಾ ಅಂತ ಕೇಳಿದೆ. ಅವರು ಅಜ್ಜಿಯನ್ನು ಕೇಳಿ ಹೇಳ್ತೀನಿ ಅಂದರು, ಹಿಂದಿನಿಂದ ಏನೋ ಕೂಗು ಕೇಳಿಸಿತು, ನಕ್ಕರು. "ಹೇಳ್ಕೊಳ್ರಿ ಅಂತಾಳ ಸರ. ಆದ್ರ ಮೊದಲ ರೊಟ್ಟಿ ಒಯ್ರಿ ಅಂತಾಳ."

ಈಗ ಅವಳು ಪಕ್ಕದ ಊರಿನ ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಸಂಜೆ ಲೆಕ್ಕಕ್ಕೆ ಹೋಗ್ತಿದ್ದಾಳೆ. ಅರ್ಜಿ ಹಾಕಿದ್ದಾರೆ. ಬೀಜಗಣಿತ ಅಂದರೆ ಭಯ, ಮಿಕ್ಕಿದ್ದು ಪರವಾಗಿಲ್ಲವಂತೆ. ಜೂನ್‌ನಲ್ಲಿ ಪರೀಕ್ಷೆ ಮುಗಿದ ದಿನ ಫೋನ್ ಮಾಡ್ತೀನಿ ಅಂತ ಅವರು ಹೇಳಿದ್ದಾರೆ. ಅಷ್ಟರಲ್ಲಿ ಆ ಕಡೆ ಮಳೆನೂ ಹಿಡಿದಿರಬೇಕು.